ರಸಮಟ್ಟ ಚಿತ್ರಕ್ಕೂ ಬೇಕು

ಟಿವಿ ಅಳವಡಿಸಲು ಮನೆಮನೆಗೆ ಹೋಗುವ ತಂತ್ರಜ್ಞರಿಗೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಹೊಸ ಟಿವಿ ಬಂದ ಮನೆಯಲ್ಲಿ ಮೊದಲು ಕೇಳುವ ಸದ್ದು ಡ್ರಿಲ್ಲಿನದು. ನೀವು ಗೋಡೆ ತಟ್ಟಿ ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ರಾಕೆಟ್ಟಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೆ ಕಾಯುತ್ತೀರಿ. ಕೂದಲೆಳೆಯಷ್ಟು ಓರೆಯಾದರೂ ಸ್ಕ್ರೂ ಸಡಿಲಿಸಿ ಮತ್ತೆ ಬಿಗಿಯುತ್ತೀರಿ. 65 ಇಂಚಿನ ಪರದೆಯನ್ನು ಇಬ್ಬರು ಎತ್ತಿ ತೂಗುಹಾಕುವಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆಮೇಲೆ ವೈಫೈ ಪಾಸ್‌ವರ್ಡ್, ಸೆಟ್‌ಟಾಪ್ ಬಾಕ್ಸ್, ಯೂಟ್ಯೂಬ್ ತೆರೆದು ಒಂದು ಹಾಡು. "ಸಾರ್, ಡೆಮೊ ಆಯ್ತು. ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ, ಹೇಳ್ತೀರಾ?" ಒಟಿಪಿ ಸಿಕ್ಕಿದ ಕೂಡಲೇ ಬ್ಯಾಗು ಹೆಗಲೇರುತ್ತದೆ, ಮುಂದಿನ ಮನೆಯಿಂದ ಆಗಲೇ ಎರಡು ಸಲ ಫೋನ್ ಬಂದಿರುತ್ತದೆ.

ಗೋಡೆಯ ಮೇಲಿನ ಚೌಕಟ್ಟು ನೇರವಾಗಿದೆ. ಒಳಗಿನ ಚಿತ್ರ ಮಾತ್ರ ಕಾರ್ಖಾನೆಯಿಂದ ಬಂದ ಹಾಗೇ, ಓರೆಯಾಗಿಯೇ ಉಳಿದಿದೆ.

ಆ ಒಟಿಪಿಗೆ ಮುಂಚಿನ ಐದು ನಿಮಿಷವನ್ನು ಕೇಳುವುದಕ್ಕಾಗಿ ಈ ಪತ್ರ. ಲಕ್ಷಕ್ಕೂ ಮೀರಿ ದುಡ್ಡು ಕೊಟ್ಟು ಟಿವಿ ತಂದವರಲ್ಲಿ ಅನೇಕರು ಪಿಕ್ಚರ್ ಸೆಟ್ಟಿಂಗ್ಸ್ ಎಂಬ ಪುಟವನ್ನು ತೆರೆಯುವುದೇ ಇಲ್ಲ. ನೀವು ಬಿಟ್ಟುಹೋದ ಬಣ್ಣವೇ ಆ ಮನೆಯ ಬಣ್ಣ. ಮಕ್ಕಳು ನೋಡುವ ಕಾರ್ಟೂನು, ಅಜ್ಜಿಯ ಧಾರಾವಾಹಿ, ಭಾನುವಾರದ ಸಿನಿಮಾ, ಎಲ್ಲವೂ ಟಿವಿ ಹಾಳಾಗಿ ಕೆಳಗಿಳಿಯುವವರೆಗೆ ಆ ಬಣ್ಣದಲ್ಲೇ. ಕಂಪನಿಯ ಎಂಜಿನಿಯರಿಗಾಗಲಿ ಅಂಗಡಿಯ ಮಾರಾಟಗಾರನಿಗಾಗಲಿ ಇಷ್ಟು ಅಧಿಕಾರವಿಲ್ಲ. ನಿಮಗಿದೆ.

ಎಲ್‌ಇಡಿ ಟಿವಿ ಎಂದರೇನು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಈ ಪತ್ರವನ್ನು ಟಿವಿ ಕೊಂಡವರೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಹೆಸರು ಎಲ್‌ಇಡಿ ಎಂದಿದ್ದರೂ ಚಿತ್ರ ಮೂಡುವುದು ಎಲ್‌ಸಿಡಿ ಗಾಜಿನ ಮೇಲೆ. ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದೆ ಹಚ್ಚಿಟ್ಟ ಎಲ್‌ಇಡಿಗಳ ಬೆಳಕನ್ನು ಬೇಕಾದಲ್ಲಿ ಬಿಡುತ್ತದೆ, ಬೇಡವಾದಲ್ಲಿ ತಡೆಯುತ್ತದೆ. ಪೂರ್ತಿ ತಡೆಯಲು ಅದರಿಂದಾಗದು. ಕತ್ತಲ ದೃಶ್ಯದಲ್ಲಿ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುವುದು ಇದರಿಂದಲೇ. ದುಬಾರಿ ಸೆಟ್‌ಗಳಲ್ಲಿ ಹಿಂಬದಿಯ ಬೆಳಕನ್ನು ನೂರಾರು ವಲಯಗಳಾಗಿ, ಮಿನಿ ಎಲ್‌ಇಡಿಯ ಮೇಲ್ದರ್ಜೆಯ ಮಾದರಿಗಳಲ್ಲಿ ಸಾವಿರಕ್ಕೂ ಹೆಚ್ಚು ವಲಯಗಳಾಗಿ ಒಡೆದು, ಚಿತ್ರದಲ್ಲಿ ಎಲ್ಲಿ ಕತ್ತಲಿದೆಯೋ ಅಲ್ಲಿನ ದೀಪಗಳನ್ನೇ ಮಂದ ಮಾಡುವ ಏರ್ಪಾಡಿರುತ್ತದೆ. ಲೋಕಲ್ ಡಿಮ್ಮಿಂಗ್ ಎನ್ನುವುದು ಇದಕ್ಕೇ. ಗಿರಾಕಿ ಹೆಚ್ಚಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಹೋಗಿರುವುದೂ ಇದಕ್ಕೇ.

ಅಂಗಡಿಯಲ್ಲಿ ಈ ಗುಣ ಕಾಣುವುದಿಲ್ಲ. ಅಲ್ಲಿ ತಲೆಯ ಮೇಲೆ ಸಾಲು ಸಾಲು ಟ್ಯೂಬ್‌ಲೈಟು, ಅಕ್ಕಪಕ್ಕದಲ್ಲಿ ಇಪ್ಪತ್ತು ಟಿವಿ. ಆ ಸಾಲಿನಲ್ಲಿ ಕಣ್ಣಿಗೆ ಹೊಡೆಯುವುದು ಹೆಚ್ಚು ಪ್ರಖರವಾದದ್ದು, ಹೆಚ್ಚು ನೀಲಿಯಾದದ್ದು, ಹೆಚ್ಚು ಗಾಢವಾದದ್ದು. ವಿವಿಡ್ ಅಥವಾ ಡೈನಾಮಿಕ್ ಎಂಬ ಪಿಕ್ಚರ್ ಮೋಡ್ ಹುಟ್ಟಿರುವುದು ಆ ಪೈಪೋಟಿಗಾಗಿ. ಅದರ ಜಾಗ ಅಂಗಡಿ. ರಾತ್ರಿ ಒಂಬತ್ತಕ್ಕೆ ಒಂದೇ ದೀಪ ಹಚ್ಚಿದ ನಡುಮನೆಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಟಿವಿ ಮೊದಲ ಸಲ ಆನ್ ಆದಾಗ 'ಹೋಮ್' ಅಥವಾ 'ಸ್ಟೋರ್' ಎಂದು ಕೇಳುವ ಪ್ರಶ್ನೆಯೂ ಇದೇ ಕಾರಣಕ್ಕೆ. ಅವಸರದಲ್ಲಿ ಸ್ಟೋರ್ ಒತ್ತಿಹೋಗಿದ್ದರೆ ಮನೆಯವರು ಏನೇ ಬದಲಿಸಿದರೂ ಸ್ವಲ್ಪ ಹೊತ್ತಿಗೆ ಟಿವಿ ತನ್ನ ಹಳೆಯ ಬಣ್ಣಕ್ಕೇ ಮರಳುತ್ತದೆ.

ಈ ಮೋಡ್ ಏನೇನು ಕೆಡಿಸುತ್ತದೆ ಎಂಬುದನ್ನು ನೋಡಲು ಯಂತ್ರ ಬೇಡ. ಹಳೆಯ ಕಪ್ಪುಬಿಳುಪು ಸಿನಿಮಾ ಒಂದನ್ನು ಹಾಕಿದರೆ ಸಾಕು. 1971ರ 'ಕಸ್ತೂರಿ ನಿವಾಸ'ವನ್ನೇ ತೆಗೆದುಕೊಳ್ಳಿ. ಅದಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು; ಇಲ್ಲಿ ಬೇಕಾದದ್ದು ಮೂಲದ ಕಪ್ಪುಬಿಳುಪು ಪ್ರತಿ. ವಿವಿಡ್ ಮೋಡಿನಲ್ಲಿ ಅದರ ಒಂದು ಚೌಕಟ್ಟನ್ನು ನಿಲ್ಲಿಸಿ ನೋಡಿ. ಪಾರಿವಾಳ ನೀಲಿ, ಪಂಚೆಯಂಚು ನೀಲಿ, ರಾಜ್‌ಕುಮಾರ್ ಅವರ ಕೆನ್ನೆಯ ಮೇಲಿನ ಬೆಳಕೂ ನೀಲಿ. ಬಟ್ಟೆಗೆ ನೀಲಿ ಹೆಚ್ಚಾದಾಗ ಹೇಗಿರುತ್ತದೋ ಹಾಗೆ. ಬಣ್ಣವೇ ಇಲ್ಲದ ಚಿತ್ರದಲ್ಲಿ ಈ ನೀಲಿ ಬಂದದ್ದೆಲ್ಲಿಂದ? ಅದು ಟಿವಿಯದು. ಬಣ್ಣದ ಚಿತ್ರದಲ್ಲೂ ಅದು ಇಷ್ಟೇ ಇರುತ್ತದೆ. ಅಲ್ಲಿ ಉಳಿದ ಬಣ್ಣಗಳ ನಡುವೆ ಅವಿತುಕೊಂಡಿರುತ್ತದೆ, ಅಷ್ಟೇ.

ಬಿಳಿ ಎಂದರೆ ಯಾವ ಬಿಳಿ ಎಂಬುದು ಜಗತ್ತಿನಾದ್ಯಂತ ತೀರ್ಮಾನವಾಗಿರುವ ವಿಷಯ. 1990ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಚ್‌ಡಿ ಚಿತ್ರಕ್ಕಾಗಿ ಬಿಟಿ.709 ಎಂಬ ಮಾನದಂಡ ಹೊರಡಿಸಿತು. ಅದರಲ್ಲಿ ಬಿಳಿಯ ಸ್ಥಾನ ಡಿ65, ಅಂದರೆ ಸುಮಾರು 6500 ಕೆಲ್ವಿನ್. ನಡುಹಗಲಿನ ಬೆಳಕಿಗೆ ಹತ್ತಿರದ ಬಿಳಿ. ಇಂದಿನ 4ಕೆ ಮತ್ತು ಎಚ್‌ಡಿಆರ್ ಮಾನದಂಡಗಳಲ್ಲೂ ಬಿಳಿ ಅದೇ. ಕೆಲ್ವಿನ್ ಸಂಖ್ಯೆ ಏರಿದಷ್ಟೂ ಬೆಳಕು ನೀಲಿಗೆ ವಾಲುತ್ತದೆ, ಇಳಿದಷ್ಟೂ ಹಳದಿಗೆ. ಹಳೆಯ ಬುರುಡೆ ಬಲ್ಬು ಸುಮಾರು 2700. ಚಿತ್ರದ ಬಣ್ಣ ತಿದ್ದುವ ಕಲರಿಸ್ಟ್ 6500ಕ್ಕೆ ಹೊಂದಿಸಿದ ಮಾನಿಟರ್ ಮುಂದೆ ಕೂತು ಪ್ರತಿ ದೃಶ್ಯದ ಚರ್ಮ, ಆಕಾಶ, ಮಣ್ಣನ್ನು ನಿರ್ಧರಿಸಿರುತ್ತಾನೆ. ವಿವಿಡ್ ಮೋಡ್ ಅದನ್ನು ಅಲ್ಲಿಂದ ಎಷ್ಟೋ ದೂರ, ನೀಲಿಯ ಕಡೆಗೆ ಎಳೆದುಬಿಡುತ್ತದೆ.

ಸರಿಯಾದ ಬಿಳಿ ಕಲರ್ ಟೆಂಪರೇಚರ್ ಪಟ್ಟಿಯಲ್ಲೇ ಇದೆ: ಸ್ಯಾಮ್‌ಸಂಗಿನಲ್ಲಿ ವಾರ್ಮ್ 2, ಎಲ್‌ಜಿಯ ಈಚಿನ ಸೆಟ್‌ಗಳಲ್ಲಿ ವಾರ್ಮ್ 50, ಸೋನಿಯಲ್ಲಿ ಎಕ್ಸ್‌ಪರ್ಟ್ 1. ನೀವು ಅದನ್ನು ಒತ್ತಿದ ಕ್ಷಣ ಮನೆಯೊಡತಿ ಹೇಳುವ ಮಾತು ನಿಮಗೆ ಬಾಯಿಪಾಠ. "ಅಯ್ಯೋ, ಏನಪ್ಪಾ ಎಲ್ಲಾ ಹಳದಿಯಾಗಿಹೋಯ್ತಲ್ಲ! ಮೊದಲಿದ್ದಂಗೇ ಇಡು." ನೀವೂ ಮೊದಲಿದ್ದಂತೆಯೇ ಇಟ್ಟು ಹೊರಡುತ್ತೀರಿ. ದಯವಿಟ್ಟು ಅಲ್ಲಿ ಸೋಲಬೇಡಿ. ಕಣ್ಣು ತಾನು ನೋಡುತ್ತಿರುವ ಬಿಳಿಗೆ ಒಗ್ಗಿಕೊಳ್ಳುತ್ತದೆ. ಬಿಸಿಲಿನಿಂದ ಬಲ್ಬಿನ ಕೋಣೆಗೆ ಬಂದಾಗ ಮೊದಲು ಎಲ್ಲವೂ ಹಳದಿಯಾಗಿ ಕಂಡು ಆಮೇಲೆ ಸರಿಹೋಗುವುದಿಲ್ಲವೇ? ಇದೂ ಹಾಗೆಯೇ. "ಮೂರು ದಿನ ಹೀಗೇ ನೋಡಿ ಅಮ್ಮಾ, ಹಿಡಿಸದಿದ್ದರೆ ಫೋನ್ ಮಾಡಿ, ಹೇಗೆ ಬದಲಿಸೋದು ಅಂತ ಹೇಳಿಕೊಡ್ತೀನಿ" ಅನ್ನಿ. ಮೂರು ದಿನ ಕಳೆದ ಮೇಲೆ ಹಳೆಯ ನೀಲಿಗೆ ಮರಳಿ ನೋಡಿದರೆ ತಣ್ಣನೆಯ ಆಸ್ಪತ್ರೆಯ ಬೆಳಕಿನಂತೆ ಕಾಣುವುದು ಆ ನೀಲಿಯೇ.

ಬಿಳಿ, ಬೂದು, ಕಪ್ಪಿನ ಮಾತು ಬಂದಾಗ ಒಬ್ಬರನ್ನು ನೆನೆಯಲೇಬೇಕು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ. ಗುರುದತ್ ಅವರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ಕ್ಯಾಮೆರಾ ಇವರದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಇಳಿಯುವ ಆ ಬೆಳಕಿನ ಕೋಲನ್ನು ಮೂಡಿಸಲು ಅವರು ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಒಳಗೆ ತಿರುಗಿಸಿದ್ದರು. ಆ ಕೋಲಿನ ಒಳಗೆ ದೂಳು ತೇಲುತ್ತದೆ. ಅದರ ಅಂಚು ಕತ್ತಲಿನಲ್ಲಿ ಮೆಲ್ಲಗೆ ಕರಗುತ್ತದೆ. ಕಾಂಟ್ರಾಸ್ಟನ್ನು ತುದಿಗೇರಿಸಿ, ಡೈನಾಮಿಕ್ ಕಾಂಟ್ರಾಸ್ಟ್ ಹಚ್ಚಿಟ್ಟ ಟಿವಿಯಲ್ಲಿ ಆ ಕರಗುವಿಕೆ ಇರುವುದಿಲ್ಲ. ಒಂದು ಕಡೆ ಸುಣ್ಣ ಬಳಿದಂತೆ ಬಿಳಿ, ಇನ್ನೊಂದು ಕಡೆ ಮಸಿ. ಮೈಸೂರಿನ ಒಬ್ಬ ಮನುಷ್ಯ ಬಿಸಿಲು ಹಿಡಿದು ಮಾಡಿದ ಕೆಲಸ ನಮ್ಮದೇ ಮನೆಯ ಗೋಡೆಯ ಮೇಲೆ ಹಾಗೆ ಅಳಿಸಿಹೋಗುವುದು ನೋವಿನ ಸಂಗತಿ.

ಈ ಕಾಲದ ಚಿತ್ರಕ್ಕೂ ಇದೇ ಪಾಡು. 'ಕಾಂತಾರ'ದ ಕೋಲದ ದೃಶ್ಯಗಳಲ್ಲಿ ಛಾಯಾಗ್ರಾಹಕ ಅರವಿಂದ್ ಕಶ್ಯಪ್ ಕತ್ತಲನ್ನು ಕತ್ತಲಾಗಿಯೇ ಉಳಿಸಿದ್ದಾರೆ. ಬೆಂಕಿಯ ಬೆಳಕು ಬಿದ್ದಷ್ಟೇ ಕಾಣಬೇಕು. ದೈವದ ಮುಖಕ್ಕೆ ಹಚ್ಚಿದ ಅರದಳದ ಹಳದಿಗೆ ಮಣ್ಣಿನ ಮಬ್ಬಿದೆ. ಕರಾವಳಿಯಲ್ಲಿ ಕೋಲ ನೋಡಿ ಬೆಳೆದವರಿಗೆ ಆ ಹಳದಿ ಗೊತ್ತು. ವಿವಿಡ್ ಮೋಡಿನಲ್ಲಿ ಅದು ಹೆದ್ದಾರಿ ಕೆಲಸದವರ ಜಾಕೆಟ್ಟಿನ ಹಳದಿ. ಭುವನ್ ಗೌಡ ಚಿತ್ರೀಕರಿಸಿದ 'ಕೆಜಿಎಫ್'ನಲ್ಲಿ ಹೊಗೆ, ಮಸಿ, ಗಣಿಯ ಕತ್ತಲು ಒಂದರೊಳಗೊಂದು ಬೆರೆತಿವೆ. ಅಲ್ಲಿ ಕಪ್ಪಿನ ಒಳಗಿನ ಕಪ್ಪು ಕಾಣಬೇಕಾದರೆ ಬ್ರೈಟ್‌ನೆಸ್ ಸರಿಯಿರಬೇಕು.

ಈ ಬ್ರೈಟ್‌ನೆಸ್ ಎಂಬ ಹೆಸರಿನಷ್ಟು ಗೊಂದಲ ಎಬ್ಬಿಸಿದ್ದು ಟಿವಿಯ ಮೆನುವಿನಲ್ಲಿ ಇನ್ನೊಂದಿಲ್ಲ. ಹಳೆಯ ಡಬ್ಬಾ ಟಿವಿಯ ಕಾಲದಿಂದ ಬ್ರೈಟ್‌ನೆಸ್ ಎಂದರೆ ಕಪ್ಪಿನ ಮಟ್ಟ; ಎಲ್ಲಿಂದ ಕೆಳಗೆ ಪೂರಾ ಕಪ್ಪು ಎಂಬುದನ್ನು ಅದು ತೀರ್ಮಾನಿಸುತ್ತದೆ. ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯನ್ನು ಏರಿಸಿ ಇಳಿಸುವುದು ಬ್ಯಾಕ್‌ಲೈಟ್. ಸೋನಿಯವರು ಈಚಿನ ಸೆಟ್‌ಗಳಲ್ಲಿ ಬ್ಯಾಕ್‌ಲೈಟನ್ನೇ ಬ್ರೈಟ್‌ನೆಸ್ ಎಂದು ಕರೆದು, ಹಳೆಯ ಬ್ರೈಟ್‌ನೆಸ್ಸಿಗೆ ಬ್ಲ್ಯಾಕ್ ಲೆವೆಲ್ ಎಂದು ಹೆಸರಿಟ್ಟಿದ್ದಾರೆ. ಅರ್ಥದ ಪ್ರಕಾರ ಅದೇ ಸರಿ. ಆದರೆ ಒಂದು ಕಂಪನಿಯ ರಿಮೋಟ್ ಬಿಟ್ಟು ಇನ್ನೊಂದನ್ನು ಹಿಡಿಯುವ ನೀವು ಇದನ್ನು ನೆನಪಿಟ್ಟುಕೊಳ್ಳಲೇಬೇಕು. ಕಪ್ಪಿನ ಮಟ್ಟ ಹೆಚ್ಚಾದರೆ ರಾತ್ರಿಯ ಆಕಾಶದ ಮೇಲೆ ಮಂಜು ಕವಿದಂತಾಗುತ್ತದೆ. ಕಡಿಮೆಯಾದರೆ ಕಪ್ಪು ಕೋಟಿನ ಮಡಿಕೆಗಳು, ಕೂದಲಿನ ಎಳೆಗಳು ಮಾಯವಾಗುತ್ತವೆ. ಇದನ್ನು ಪರೀಕ್ಷಿಸಲು ಬಿಬಿಸಿಯ ಎಂಜಿನಿಯರುಗಳು ಹಿಂದೆಯೇ ಪ್ಲೂಜ್ ಎಂಬ ಪಟ್ಟಿಗಳ ಚಿತ್ರವನ್ನು ರೂಪಿಸಿದ್ದರು. ಕಪ್ಪಿಗಿಂತ ಒಂದು ಗುಲಗಂಜಿ ಬೆಳಕಾದ ಪಟ್ಟಿ ಕಂಡೂ ಕಾಣದಂತಿರಬೇಕು, ಕಪ್ಪಿಗಿಂತ ಕೆಳಗಿನದು ಕಾಣಲೇಬಾರದು. ಅಂಥ ಪರೀಕ್ಷಾ ಚಿತ್ರಗಳು ಈಗ ಉಚಿತವಾಗಿ ಸಿಗುತ್ತವೆ. ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಟೂಲ್ ಬ್ಯಾಗಿನಲ್ಲಿ ರಸಮಟ್ಟದ ಪಕ್ಕದಲ್ಲೇ ಇಟ್ಟುಕೊಳ್ಳಿ.

ಬ್ಯಾಕ್‌ಲೈಟಿನ ವಿಷಯದಲ್ಲಿ ಎಚ್ಚರಿಕೆಯೊಂದಿದೆ. ಮಾಮೂಲಿ ಚಿತ್ರವನ್ನು ಸ್ಟುಡಿಯೋದಲ್ಲಿ ನೋಡಿ ತಿದ್ದುವುದು 100 ನಿಟ್ ಬೆಳಕಿನಲ್ಲಿ (ನಿಟ್ ಎಂದರೆ ಪರದೆಯ ಬೆಳಕಿನ ಅಳತೆ), ಮಂದ ಕೋಣೆಯಲ್ಲಿ. ಮನೆಯಲ್ಲಿ ರಾತ್ರಿ ಅದಕ್ಕಿಂತ ಒಂದಿಷ್ಟು ಹೆಚ್ಚಿದ್ದರೂ ನಡೆಯುತ್ತದೆ, ಹಗಲಿಗೆ ಇನ್ನೂ ಹೆಚ್ಚು ಬೇಕು. ಆದ್ದರಿಂದ ಮಾಮೂಲಿ ಚಿತ್ರಕ್ಕೆ ಬ್ಯಾಕ್‌ಲೈಟ್ ಇಳಿಸುವುದು ಸರಿ, ಕರೆಂಟೂ ಉಳಿಯುತ್ತದೆ. ಎಲ್‌ಇಡಿ ಟಿವಿಯಲ್ಲಿ ವಿದ್ಯುತ್ತಿನ ಹೆಚ್ಚಿನ ಪಾಲು ತಿನ್ನುವುದು ಆ ಹಿಂಬದಿಯ ದೀಪಗಳೇ. ಬೆಳಕು ಕತ್ತಲೆಗಳ ನಡುವಿನ ಹರವನ್ನು ಹೆಚ್ಚಿಸುವ ಎಚ್‌ಡಿಆರ್ ಚಿತ್ರದ ಲೆಕ್ಕ ಬೇರೆ. 2014ರಲ್ಲಿ ಬಂದ ಪಿಕ್ಯೂ ಮಾನದಂಡ 10,000 ನಿಟ್‌ವರೆಗಿನ ಬೆಳಕನ್ನು ಅಳತೆಯಲ್ಲಿ ಹಿಡಿಯುತ್ತದೆ. ಸಿನಿಮಾಗಳನ್ನು ಸಾಮಾನ್ಯವಾಗಿ 1,000 ಅಥವಾ 4,000 ನಿಟ್‌ಗೆ ಸಿದ್ಧಪಡಿಸುತ್ತಾರೆ. ಸೂರ್ಯನ ಬಿಂಬ, ಪಾತ್ರೆಯ ಅಂಚಿನ ಹೊಳಪು, ಬೆಂಕಿಯ ನಾಲಗೆ ಮಾತ್ರ ಆ ಎತ್ತರ ಮುಟ್ಟುತ್ತವೆ. ಅದಕ್ಕಾಗಿ ಟಿವಿ ತಾನೇ ಬ್ಯಾಕ್‌ಲೈಟನ್ನು ತುದಿಗೆ ಒಯ್ದಿರುತ್ತದೆ. ಅದನ್ನು ಇಳಿಸಿದರೆ ಗಿರಾಕಿ ಕೊಟ್ಟ ದುಡ್ಡನ್ನೇ ಇಳಿಸಿದಂತೆ. ಎಚ್‌ಡಿಆರ್ ಮತ್ತು ಡಾಲ್ಬಿ ವಿಷನ್‌ಗಳ ಸೆಟ್ಟಿಂಗುಗಳು ಬೇರೆಬೇರೆಯಾಗಿ ಉಳಿಯುವುದರಿಂದ ಅಂಥದೊಂದು ಚಿತ್ರವನ್ನು ಓಡಿಸಿಯೇ ಅವುಗಳ ಮೋಡನ್ನು ನೋಡಬೇಕು. ಲೋಕಲ್ ಡಿಮ್ಮಿಂಗ್ ಹೈ ಎಂಬಲ್ಲಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಕೋಣೆಯ ಬೆಳಕಿಗೂ ಚಿತ್ರಕ್ಕೂ ಎಂಥ ನಂಟು ಎಂಬುದು 2019ರ ಏಪ್ರಿಲ್‌ನಲ್ಲಿ ಜಗತ್ತಿಗೇ ಗೊತ್ತಾಯಿತು. 'ಗೇಮ್ ಆಫ್ ಥ್ರೋನ್ಸ್' ಸರಣಿಯ ಕೊನೆಯ ಸೀಸನ್ನಿನ ಮೂರನೆಯ ಕಂತು, ರಾತ್ರಿಯಿಡೀ ನಡೆಯುವ ಯುದ್ಧ. ಏನೂ ಕಾಣಿಸುತ್ತಿಲ್ಲ ಎಂದು ಪ್ರೇಕ್ಷಕರು ಸಿಡಿದೆದ್ದರು. ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಜನ ತಮ್ಮ ಟಿವಿಗಳನ್ನು ಸರಿಯಾಗಿ ಹೊಂದಿಸಿಕೊಂಡಿಲ್ಲ ಎಂದು ಉತ್ತರಿಸಿದರು. ಸ್ಟ್ರೀಮಿಂಗ್‌ನಲ್ಲಿ ಚಿತ್ರವನ್ನು ಹಿಂಡಿ ಕಳಿಸುವುದೂ ಕಾರಣವಾಗಿತ್ತು. ಹಾಗಾಗಿ ಎಲ್ಲ ತಪ್ಪನ್ನೂ ಪ್ರೇಕ್ಷಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸರಿಯಾಗಿ ಹೊಂದಿಸಿದ ಟಿವಿಯಲ್ಲಿ, ದೀಪ ಆರಿಸಿ ನೋಡಿದವರಿಗೆ ಆ ಯುದ್ಧ ಹೆಚ್ಚು ಕಂಡಿತು ಎಂಬುದೂ ನಿಜ.

ಇನ್ನು ಚಲನೆ. ಈ ಪತ್ರದಲ್ಲಿ ಒಂದೇ ಒಂದು ಮಾತನ್ನು ನೀವು ನಡೆಸಿಕೊಡುವುದಾದರೆ ಅದು ಇದಾಗಲಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರೀಕರಣವಾಗುತ್ತದೆ. ಮಾತಿನ ಚಿತ್ರಗಳು ಬಂದ ಕಾಲದಿಂದ ಅದೇ ರೂಢಿ. ಟಿವಿ ಎರಡು ಚೌಕಟ್ಟುಗಳ ನಡುವೆ ಇಲ್ಲದ ಚೌಕಟ್ಟುಗಳನ್ನು ತಾನೇ ಊಹಿಸಿ ತುರುಕುತ್ತದೆ. ಎಲ್‌ಜಿ ಇದನ್ನು ಟ್ರೂಮೋಷನ್ ಎನ್ನುತ್ತದೆ, ಸೋನಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್ ಪಿಕ್ಚರ್ ಕ್ಲಾರಿಟಿ. ಪರಿಣಾಮ ಒಂದೇ: ಕೋಟಿಗಟ್ಟಲೆ ಖರ್ಚಿನ ಸಿನಿಮಾ ಮಧ್ಯಾಹ್ನದ ಧಾರಾವಾಹಿಯಂತೆ ಜಾರುತ್ತದೆ. ಓಡುವವನ ಕಾಲಿನ ಸುತ್ತ ನೀರು ಕಲಕಿದಂತೆ ಹಿನ್ನೆಲೆ ಅಲುಗುತ್ತದೆ. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಅವರೊಡನೆ ಚಿತ್ರೀಕರಣದ ಸ್ಥಳದಿಂದಲೇ ವೀಡಿಯೊ ಮಾಡಿ ಇದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಬೇಡಿಕೊಂಡರು. ಮರುವರ್ಷ ಆಗಸ್ಟ್‌ನಲ್ಲಿ ಟಿವಿ ಕಂಪನಿಗಳು ಮತ್ತು ಸ್ಟುಡಿಯೋಗಳ ಕೂಟವಾದ ಯುಎಚ್‌ಡಿ ಅಲಯನ್ಸ್ 'ಫಿಲ್ಮ್‌ಮೇಕರ್ ಮೋಡ್' ಪ್ರಕಟಿಸಿತು. ಮಾರ್ಟಿನ್ ಸ್ಕಾರ್ಸೆಸಿ, ಕ್ರಿಸ್ಟೋಫರ್ ನೋಲನ್ ಅಂಥ ನಿರ್ದೇಶಕರು ಬೆನ್ನಿಗೆ ನಿಂತರು. ಈ ಮೋಡ್ ಒತ್ತಿದರೆ ಚಲನೆಯ ಊಹೆ, ಅತಿ ಶಾರ್ಪ್‌ನೆಸ್, ನೀಲಿ ಬಿಳಿ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಇಷ್ಟು ದೊಡ್ಡ ಮಂದಿ ಸೇರಿ ಒಂದು ಗುಂಡಿ ಮಾಡಿಸಿಕೊಟ್ಟಿದ್ದಾರೆ, ಒತ್ತುವವರು ಬೇಕು.

ದುಬಾರಿ ಟಿವಿಗೆ ಈ ಊಹೆಯ ಅಗತ್ಯವೂ ಇಲ್ಲ. ಅದರ ಪರದೆ ಸೆಕೆಂಡಿಗೆ 120 ಸಲ ಹೊಸದಾಗುತ್ತದೆ. 24ನ್ನು ಐದರಿಂದ ಗುಣಿಸಿದರೆ 120. ಪ್ರತಿ ಚೌಕಟ್ಟೂ ಸರಿಯಾಗಿ ಐದು ಸಲ ನಿಂತು ಹೋಗುತ್ತದೆ, ಲೆಕ್ಕ ತಪ್ಪುವುದೇ ಇಲ್ಲ. ಕ್ರಿಕೆಟ್ಟಿನ ಚೆಂಡಿಗೆ ಈ ಊಹೆ ಬೇಕು ಎಂದು ಹಟ ಹಿಡಿಯುವ ಮನೆಗಳಿವೆ. ಹೆಚ್ಚಿನ ಟಿವಿಗಳಲ್ಲಿ ಸೆಟ್‌ಟಾಪ್ ಬಾಕ್ಸಿನ ಇನ್‌ಪುಟ್ಟಿಗೆ ಒಂದು ಸೆಟ್ಟಿಂಗ್, ಒಟಿಟಿ ಆ್ಯಪ್‌ಗಳಿಗೆ ಇನ್ನೊಂದು ಇಡಬಹುದು. ಅವರ ಕ್ರಿಕೆಟ್ ಅವರಿಗಿರಲಿ, ಸಿನಿಮಾ ಸಿನಿಮಾದಂತಿರಲಿ.

ಶಾರ್ಪ್‌ನೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವುದಾದರೂ ಕನ್ನಡ ಸುದ್ದಿವಾಹಿನಿ ಹಾಕಿ, ಪರದೆಯ ಹತ್ತಿರ ನಿಂತು, ಕೆಳಗೆ ಓಡುವ ಅಕ್ಷರಗಳನ್ನು ನೋಡಿ. ಒತ್ತಕ್ಷರದ ಬಾಗಿನ ಪಕ್ಕದಲ್ಲಿ ಇಲ್ಲದ ಗೆರೆಯೊಂದು ಎದ್ದಿದ್ದರೆ ಶಾರ್ಪ್‌ನೆಸ್ ಜಾಸ್ತಿಯಾಗಿದೆ. ಅದು ಹೋಗುವವರೆಗೆ ಇಳಿಸಿ. ಸೋನಿಯಲ್ಲಿ 50 ಎಂದರೆ ಏನೂ ಸೇರಿಸದ ಸ್ಥಿತಿ, ಬೇರೆ ಹಲವರಲ್ಲಿ ಅದು ಸೊನ್ನೆಯ ಹತ್ತಿರ. ಅದೇ ಅಕ್ಷರಗಳು ಬುಡದಲ್ಲಿ ಕತ್ತರಿಸಿಹೋಗಿದ್ದರೆ ಚಿತ್ರದ ಅಳತೆಯನ್ನು ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್‌ಗೆ ಬದಲಿಸಿ.

ಎತ್ತರದ ಮಾತನ್ನೂ ಇಲ್ಲೇ ಆಡಬೇಕು, ಅದೂ ನಿಮ್ಮ ಕೈಯಲ್ಲಿರುವುದು. ಕಪ್ಪು ಚೆನ್ನಾಗಿ ಕೊಡುವ ವಿಎ ಪ್ಯಾನೆಲ್ ನೇರ ನೋಟದಲ್ಲಿ ಎಷ್ಟು ಚೆನ್ನವೋ ಓರೆ ನೋಟದಲ್ಲಿ ಅಷ್ಟೇ ಸೊರಗುತ್ತದೆ. ಶೋಕೇಸಿನ ಮೇಲೆ, ಕತ್ತೆತ್ತಿ ನೋಡುವಷ್ಟು ಎತ್ತರಕ್ಕೆ ತೂಗುಹಾಕಿದರೆ ಯಾವ ಸೆಟ್ಟಿಂಗೂ ಅದನ್ನು ಉಳಿಸದು. ಸೋಫಾದಲ್ಲಿ ಕೂತವರ ಕಣ್ಣಿನ ಮಟ್ಟ ಕೇಳಿ ಗುರುತು ಹಾಕಿ.

ಇಷ್ಟೆಲ್ಲ ಆದಮೇಲೂ ಉಳಿಯುವ ತಪ್ಪನ್ನು ತಿದ್ದುವುದಕ್ಕೆ ಉಪಕರಣ ಬೇಕು. ಕಲರಿಮೀಟರನ್ನು ಪರದೆಗೆ ತಾಗಿಸಿ ತೂಗುಬಿಟ್ಟು, ಕಪ್ಪಿನಿಂದ ಬಿಳಿಯವರೆಗೆ ಬೂದಿನ ಒಂದೊಂದು ಮೆಟ್ಟಿಲನ್ನೂ ಅಳೆದು, ಕೆಂಪು ಹಸಿರು ನೀಲಿಯ ಪಾಲನ್ನು ಸರಿದೂಗಿಸುವ ಕೆಲಸ. ನಿಜವಾದ ಕ್ಯಾಲಿಬ್ರೇಷನ್ ಅದು, ಗಂಟೆಗಟ್ಟಲೆ ಹಿಡಿಯುತ್ತದೆ. ಯಾರೋ ಅಂತರ್ಜಾಲದಲ್ಲಿ ಹಾಕಿದ ವೈಟ್ ಬ್ಯಾಲೆನ್ಸ್ ಅಂಕಿಗಳನ್ನು ನಕಲು ಮಾಡಬೇಡಿ. ಒಂದೇ ಮಾದರಿಯ ಎರಡು ಪ್ಯಾನೆಲ್‌ಗಳೂ ಒಂದೇ ಥರ ಇರುವುದಿಲ್ಲ. ಆ ಅಂಕಿಗಳು ಅವರ ಗಾಜಿನವು. ಮನೆಯಲ್ಲಿ ಆ್ಯಪಲ್ ಟಿವಿ ಪೆಟ್ಟಿಗೆ ಮತ್ತು ಫೇಸ್ ಐಡಿ ಇರುವ ಐಫೋನ್ ಎರಡೂ ಇದ್ದರೆ, 2021ರಿಂದ ಅದರಲ್ಲೊಂದು ಅನುಕೂಲ ಇದೆ: ಫೋನಿನ ಮುಖವನ್ನು ಪರದೆಗೆ ಒಡ್ಡಿದರೆ ಅದು ಬಣ್ಣ ಅಳೆದು ಆ ಪೆಟ್ಟಿಗೆಯಿಂದ ಹೊರಡುವ ಚಿತ್ರವನ್ನು ತಿದ್ದುತ್ತದೆ. ಕೇಬಲ್ಲಿನ ಚಿತ್ರಕ್ಕೆ ಅದು ಅನ್ವಯಿಸುವುದಿಲ್ಲ. ಎಲ್ಲರೂ ದುಡ್ಡು ತೆತ್ತು ಕ್ಯಾಲಿಬ್ರೇಷನ್ ಮಾಡಿಸಬೇಕು ಎಂದು ಈ ಪತ್ರ ಹೇಳುತ್ತಿಲ್ಲ. ಬಹುಪಾಲು ಮನೆಗಳಿಗೆ ಸರಿಯಾದ ಮೋಡ್ ಒಂದೇ ಸಾಕು.

ನಿಮ್ಮ ಕಷ್ಟ ಗೊತ್ತಿಲ್ಲದೆ ಬರೆದದ್ದಲ್ಲ ಇದು. ಸಂಜೆಯೊಳಗೆ ಇಷ್ಟು ಮನೆ ಮುಗಿಸಬೇಕು, ಟ್ರಾಫಿಕ್ ದಾಟಬೇಕು, ಗಿರಾಕಿ ಕೊಡುವ ಸ್ಟಾರುಗಳ ಮೇಲೆ ಸಂಬಳ ನಿಂತಿರುತ್ತದೆ. ಹಳದಿ ಎಂದು ಗಿರಾಕಿ ಮುಖ ಸಿಂಡರಿಸಿದರೆ ನಷ್ಟ ನಿಮಗೆ. ಹಾಗಾಗಿ ಕಂಪನಿಗಳೂ ಡೆಮೊ ಎಂಬ ಪಟ್ಟಿಯಲ್ಲಿ ಪಿಕ್ಚರ್ ಮೋಡ್ ಎಂಬ ಒಂದು ಸಾಲು ಸೇರಿಸಿ, ಅದಕ್ಕೆ ಬೇಕಾದ ಹೊತ್ತನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಡಬೇಕು. ಅದು ಆಗುವವರೆಗೆ ಕಾಯಬೇಡಿ.

ನಾಳೆ ಬೆಳಗಿನ ಮೊದಲ ಮನೆಯಿಂದಲೇ ಶುರುಮಾಡಿ. ರಸಮಟ್ಟವನ್ನು ಬ್ಯಾಗಿಗೆ ಹಾಕಿದ ಮೇಲೆ, ಒಟಿಪಿ ಕೇಳುವ ಮೊದಲು, ರಿಮೋಟನ್ನು ಇನ್ನೈದು ನಿಮಿಷ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಫಿಲ್ಮ್‌ಮೇಕರ್ ಅಥವಾ ಸಿನಿಮಾ ಮೋಡ್ ಒತ್ತಿ, ಅದು ಎಲ್ಲ ಇನ್‌ಪುಟ್‌ಗಳಿಗೂ ಅನ್ವಯಿಸಿದೆಯೇ ನೋಡಿ, ಮನೆಯವರನ್ನು ಕೂರಿಸಿ ಒಂದು ಕಪ್ಪುಬಿಳುಪು ಹಾಡು ಹಾಕಿ. ಬಿಳಿ ಬಿಳಿಯಾಗಿ ಕಾಣುವುದನ್ನು ಅವರಿಗೆ ತೋರಿಸಿ, ಆಮೇಲೆ ಒಟಿಪಿ ಕೇಳಿ.

ಇಂತಿ,
ನೀವು ಕೂರಿಸಿಕೊಟ್ಟ ಟಿವಿಯ ಮುಂದೆ ದಿನವೂ ಕೂರುವ ಒಬ್ಬ ಪ್ರೇಕ್ಷಕ